ತುಂಗವ್ವನ ಎಂಬತ್ತು ವರ್ಷದ ಕಿವಿ

ಕೇಳಿ ಮಕ್ಕಳೇ, ಕಂಚುಗೋಟೆ ಅಂತ ಒಂದು ರಾಜ್ಯ. ಅಲ್ಲಿ ತುಂಗವ್ವ ಅಂತ ಒಬ್ಬಳು ಹಾಡಿನ ಅಜ್ಜಿ. ವಯಸ್ಸು ಎಂಬತ್ತು. ಅರಮನೆ ಪಕ್ಕದ ಹಜಾರದಲ್ಲಿ ಕಮ್ಮಾರರ ಮಕ್ಕಳು, ಅಗಸರ ಮಕ್ಕಳು, ರಾಜನ ಮಕ್ಕಳು ಎಲ್ಲರನ್ನೂ ಒಂದೇ ಚಾಪೆ ಮೇಲೆ ಕೂರಿಸಿ ಪಾಠ ಹೇಳುತ್ತಿದ್ದಳು. ಅಂಥ ಅಜ್ಜಿ ನಮ್ಮ ಕಡೆಯವಳು ಅನ್ನೋಕೆ ನನಗೆ ಈಗಲೂ ಹೆಮ್ಮೆ.

ಆ ಹಜಾರದ ಮೇಲೆ ಮಂತ್ರಿ ಬೊಪ್ಪಣ್ಣನ ಕಣ್ಣು ಬಿತ್ತು. ಬಾಮೈದನಿಗೆ ಮನೆ ಬೇಕಿತ್ತು ನೋಡಿ. ರಾಜ ಮಲ್ಲಭೂಪನ ಹತ್ತಿರ ಹೋಗಿ, "ಪ್ರಭು, ಮುದುಕಿಗೆ ಕಿವಿ ಮಂದ. ಮಕ್ಕಳು ಅಪಸ್ವರ ಹಾಡಿದ್ರೂ ತಲೆದೂಗ್ತಾಳೆ. ಪಾಠಶಾಲೆ ಮುಚ್ಚಿಸಿಬಿಡೋಣ" ಎಂದ.

ಸುದ್ದಿ ತಿಳಿದು ತುಂಗವ್ವನಿಗೆ ಮೈಯೆಲ್ಲ ಉರಿಯಿತು. ರಾಜನ ಮುಂದೆ ಬಂದು ನಿಂತು, "ಪರೀಕ್ಷೆ ಮಾಡಿ ಸ್ವಾಮಿ. ಸೋತರೆ ನಾನೇ ಚಾಪೆ ಸುತ್ಕೊಂಡು ಹೋಗ್ತೀನಿ" ಎಂದಳು.

ಮಂತ್ರಿಯೇ ಪರೀಕ್ಷೆ ಹೂಡಿದ. ಒಂದು ಪರದೆ, ಅದರ ಮುಂದೆ ಹನ್ನೆರಡು ಡೋಲು. ರಾಜನಿಗೆ ಮೊದಲೇ ತಿಳಿಸಿ ಗೊತ್ತುಮಾಡಿದ ಒಂದು ಮಾತನ್ನು ಪರದೆಯ ಹಿಂದೆ ನಿಂತು ಅವನು ಹೇಳುವುದು, ಈಚೆ ಕೂತವರು ಅದನ್ನು ಒಪ್ಪಿಸುವುದು. ತುಂಗವ್ವನ ಜೊತೆಗೆ ಅವಳ ವಯಸ್ಸಿನವರೇ ಇನ್ನಿಬ್ಬರು, ಒಬ್ಬ ಹಳೆಯ ಜಟ್ಟಿ, ಒಬ್ಬ ಪಂಡಿತ.

ಮೊದಲ ಸಲ ಡೋಲು ಬಡಿದವು. ಜಟ್ಟಿ, "ಕೆರೆ ಅಂದಂಗಿತ್ತು" ಎಂದ. ಪಂಡಿತರು, "ಡೋಲು ಬಿಟ್ಟು ಬೇರೇನೂ ಕೇಳಲಿಲ್ಲ" ಎಂದರು. ತುಂಗವ್ವ, "ಕೆರೆ ಏರಿ ಮೇಲೆ ಮೂರು ಕೆಂಪು ಹಸು" ಎಂದಳು. ಸರಿಯಾಗಿತ್ತು.

ಎರಡನೆಯ ಸಲ ಇಪ್ಪತ್ತನಾಲ್ಕು ಡೋಲು. ಜಟ್ಟಿ ಏನೂ ಕೇಳಲಿಲ್ಲ ಅಂತ ಕೈಯಾಡಿಸಿಬಿಟ್ಟ. ಪಂಡಿತರು ಕಿವಿ ಮುಚ್ಚಿಕೊಂಡರು. ತುಂಗವ್ವ ಕಣ್ಣು ಮುಚ್ಚಿ, "ಅತ್ತೆ ಕಡೆದ ಮಜ್ಜಿಗೆಗೆ ಸೊಸೆ ಉಪ್ಪು ಹಾಕಿದಳು" ಎಂದಳು. ಅದೂ ಸರಿ.

ಮೂರನೆಯ ಸಲ ಊರಿನ ಡೋಲೆಲ್ಲ ಬಂದವು. ಗೋಡೆ ಅದುರಿತು. ತುಂಗವ್ವ ಕಿವಿಗೊಟ್ಟಳು. ಪರದೆಯ ಹಿಂದಿನ ಮಾತು ಕೇಳಿ ರಾಜನ ಕಡೆ ತಿರುಗಿದಳು. ಹೇಳಿದರೆ ಮಂತ್ರಿಯ ವೈರ. ಹೇಳದಿದ್ದರೆ ಮಕ್ಕಳ ಚಾಪೆ ಹೋಯಿತು.

ಹೇಳಿಯೇಬಿಟ್ಟಳು. "ಸ್ವಾಮಿ, ಮಂತ್ರಿಗಳು ಈ ಸಲ ಗೊತ್ತುಮಾಡಿದ ಮಾತು ಹೇಳಲೇ ಇಲ್ಲ. 'ಈಗ ನಾನು ಏನೂ ಹೇಳಲ್ಲ, ಮುದುಕಿ ಸೋಲ್ತಾಳೆ, ನಾಳೆಯಿಂದ ಹಜಾರ ನಿಂದೇ' ಅಂತ ಯಾರಿಗೋ ಹೇಳಿದರು."

"ಸುಳ್ಳು" ಎಂದ ಬೊಪ್ಪಣ್ಣ.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಬಾಮೈದ ಈಚೆ ಬಂದ. "ಭಾವ, ಕಿವಿ ಹತ್ರ ಬಂದು ಕೂಗಿದ್ರೂ ನಂಗೇ ಸರಿಯಾಗಿ ಕೇಳಲಿಲ್ಲ. ಆಯಮ್ಮನಿಗೆ ಹೆಂಗೆ ಕೇಳ್ತು?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಂತ್ರಿಯ ಪದವಿ ಅಲ್ಲೇ ಹೋಯಿತು. ದಿನಾ ಬೆಳಿಗ್ಗೆ ಹಜಾರ ಗುಡಿಸುವ ಕೆಲಸ ಸಿಕ್ಕಿತು.

"ಹೇಗವ್ವ ಕೇಳಿತು?" ಎಂದ ರಾಜ.

"ನನ್ನ ಕಿವಿಗೂ ಈ ಜಟ್ಟಿ, ಪಂಡಿತರಷ್ಟೇ ವಯಸ್ಸಾಗಿದೆ ಸ್ವಾಮಿ. ಜೀರುಂಡೆ ಸದ್ದು ಕೇಳದೆ ಎಷ್ಟೋ ವರ್ಷ ಆಯ್ತು. ಆದರೆ ಆರನೇ ವಯಸ್ಸಿಂದ ಹಾಡು ಕಲಿತೆ, ಆಮೇಲೆ ಪಾಠ ಹೇಳ್ತಾ ಇಪ್ಪತ್ತು ಮಕ್ಕಳ ದನಿಯಲ್ಲಿ ಒಂದು ದನಿ ಹೆಕ್ಕೋದೇ ನನ್ನ ಕೆಲಸ. ಕಿವಿ ಸೋತರೂ ತಲೆ ಕಲಿತದ್ದನ್ನ ಬಿಟ್ಟಿಲ್ಲ."

ಮರುದಿನ ಬೆಳಿಗ್ಗೆ ಚಾಪೆಯ ತುದಿಯಲ್ಲಿ ಐವತ್ತು ವರ್ಷದ ಒಬ್ಬ ಹೊಸ ವಿದ್ಯಾರ್ಥಿ ಕೂತಿದ್ದ. ರಾಜನೇ. "ತಡವಾಯ್ತೇನವ್ವ?" ಎಂದು ಕೇಳಿದ.

"ಇಲ್ಲ. ಬೆನ್ನು ನೆಟ್ಟಗೆ ಮಾಡಿ. ಸಾ ಅನ್ನಿ" ಎಂದಳು ತುಂಗವ್ವ.

ನೀತಿ ಇಷ್ಟೇ ಮಕ್ಕಳೇ: ಶ್ರದ್ಧೆಯಿಂದ ಕಲಿತ ಸಂಗೀತ ಮುಪ್ಪಿನಲ್ಲೂ ಕೈಬಿಡುವುದಿಲ್ಲ. ಇನ್ನೊಬ್ಬರ ವಿದ್ಯೆಯನ್ನು ಹಗುರವಾಗಿ ಕಂಡವನು ನಾಲ್ಕು ಜನರ ಮುಂದೆ ತಲೆ ತಗ್ಗಿಸುತ್ತಾನೆ.