ಮಲ್ಲಿಗೆ ಗಿಡಕ್ಕೊಂದು ಕುರಿಹಿಂಡು

ದೀಪಾವಳಿ ಮುಗಿಸಿ ಕುರಿ ಹೊಡ್ಕೊಂಡು ಹೋದ ಜಕ್ಕಪ್ಪ ಯುಗಾದಿ ಬಂದರೂ ಮನೆ ಕಡೆ ಮುಖ ಹಾಕಿರಲಿಲ್ಲ. ಹಾಕುವುದಾದರೂ ಹೇಗೆ? ಕುರಿ ಯೋಜನೆಯ ಸಾಹೇಬ ಕೈಗೊಂದು ಫೋನು ಕೊಟ್ಟು ಹುಕುಂ ಮಾಡಿದ್ದ: "ಗೊಬ್ಬರ ಬೇಕಾದವರು ಆ್ಯಪಿನಾಗ ಕರೀತಾರ. ಕರೆದವರ ಹೊಲದಾಗ ರಾತ್ರಿ ಹಿಂಡು ತರುಬಿ ಮಲಗಿಸಬೇಕು. ಆ್ಯಪು ಹೇಳಿದ ದಾರಿ ಬಿಟ್ಟು ಎಲ್ಲೂ ಹೋಗಂಗಿಲ್ಲ!"

ಜಕ್ಕಪ್ಪನ ಹೆಂಡತಿ ಮಾಯವ್ವನಿಗೆ ಇದು ಗೊತ್ತಾಯಿತು. ನೆರೆಮನೆಯಾಕೆಯ ಫೋನು ಇಸಿದುಕೊಂಡು, ಗಂಡನ ಹಿಂಡನ್ನೇ ಆರಿಸಿ ಕರೆದಳು. ಆ್ಯಪು ಹಿಂಡನ್ನು ಊರಿನತ್ತ ತಿರುಗಿಸಿತು.

ತನ್ನ ಫೋನಿನಲ್ಲಿ ಇದನ್ನು ಕಂಡ ಸಾಹೇಬ ಜೀಪು ಹತ್ತಿ ಮಾಯವ್ವನ ಮನೆಗೆ ಓಡಿಬಂದ. ನೋಡಿದರೆ ಹೊಲವೂ ಇಲ್ಲ, ತೋಟವೂ ಇಲ್ಲ. ಹಿತ್ತಲಲ್ಲಿ ಒಂದೇ ಒಂದು ಮಲ್ಲಿಗೆ ಗಿಡ.

"ಇಷ್ಟಕ್ಕ ಇಡೀ ಹಿಂಡು ಕರೆಸ್ತಿಯೇನವ್ವ?"

"ಗೊಬ್ಬರ ಬೇಕೇನು ಅಂತ ನಿಮ್ಮ ಆ್ಯಪು ಕೇಳ್ತು, ಬೇಕು ಅಂದೆ. ಹೊಲ ಎಷ್ಟೈತಿ ಅಂತ ಅದು ಕೇಳಲಿಲ್ರಿ."

ಸಾಹೇಬ ಸಿಟ್ಟಿನಿಂದ ಕರೆ ರದ್ದು ಮಾಡಲು ಬೆರಳೆತ್ತಿದ. "ತಲಿ ಐತೇನು ನಿನಗ? ಕುರಿ ಬಂದರ ಮೊದಲು ಈ ಗಿಡಾನ ತಿಂದು ಹಾಕ್ತಾವ!"

"ತಿನ್ನಲಿ ಬಿಡ್ರಿ ಸಾಹೇಬ್ರ," ಅಂದಳು ಮಾಯವ್ವ. "ನೋಡಾವ್ರಿಲ್ಲದ ಹೂವು ಎಷ್ಟು ದಿನ ಅಂತ ಮುಡೀಲಿ?"

ಸಾಹೇಬನ ಬೆರಳು ಅಲ್ಲೇ ನಿಂತಿತು. ಫೋನು ಜೇಬಿಗಿಳಿಸಿ, ಅವಳ ಜೊತೆ ತಾನೂ ದಾರಿ ಕಡೆ ನೋಡಿದ.