ಕೋಗಿಲೆ, ಕಪ್ಪೆ ಮತ್ತು ತಾಳದ ಪೆಟ್ಟಿಗೆ

ಸಂಗೀತಗಾರನೊಬ್ಬ ತನ್ನ ಸ್ಯಾಂಪ್ಲರನ್ನು ತಾರಸಿಯ ಕಟ್ಟೆಯ ಮೇಲಿಟ್ಟು ಊಟಕ್ಕೆ ಹೋಗಿದ್ದ. ಕೇಳಿದ ಸದ್ದನ್ನು ಹಿಡಿದು ತಾಳಕ್ಕೆ ಪೋಣಿಸುವ ಅಂಗೈಯಗಲದ ಪೆಟ್ಟಿಗೆ ಅದು. ಕೋಗಿಲೆಯೊಂದು ಅದರ ಬಳಿ ಬಂದು ಕುಳಿತಿತು.

“ಮಳೆಗಾಲ ಬಂದರೆ ನನ್ನ ಕಂಠ ಕಟ್ಟುತ್ತದೆ. ಅಷ್ಟರೊಳಗೆ ನನ್ನ ಹಾಡನ್ನೆಲ್ಲ ನೀನು ತುಂಬಿಕೊಳ್ಳಬೇಕು,” ಎಂದಿತು.

“ನನ್ನಲ್ಲಿ ಅಷ್ಟು ಜಾಗವಿಲ್ಲ. ಒಂದೆರಡು ಕೂಗು ಹಿಡಿಸೀತು,” ಎಂದಿತು ಪೆಟ್ಟಿಗೆ.

“ಮೈತುಂಬ ಗುಂಡಿಗಳಿವೆ, ಇಷ್ಟೂ ಆಗದೆ?” ಎಂದು ಕೋಗಿಲೆ ಮುನಿಸಿಕೊಂಡು ಪಕ್ಕದ ಮರದ ಕೊಂಬೆಗೆ ಹಾರಿತು.

ತಾರಸಿಯ ನೀರಿನ ತೊಟ್ಟಿಯಲ್ಲಿದ್ದ ಕಪ್ಪೆ ಪೆಟ್ಟಿಗೆಯನ್ನು ಕೇಳಿತು: “ಅಯ್ಯಾ, ನಿನ್ನಿಂದ ಏನಾಗುತ್ತದೆ?”

“ಒಂದು ಸಲ ಕೂಗು, ತೋರಿಸುತ್ತೇನೆ.”

ಕಪ್ಪೆ “ವಟರ್” ಎಂದಿತು. ಪೆಟ್ಟಿಗೆ ಆ ಒಂದೇ ವಟರನ್ನು ಹಿಗ್ಗಿಸಿತು, ಕುಗ್ಗಿಸಿತು, ತಿರುಗುಮುರುಗು ಮಾಡಿತು, ತಾಳ ಹಾಕಿ ಕುಣಿಸಿತು. ಕಪ್ಪೆ ತೊಟ್ಟಿಯಲ್ಲೇ ನೆಗೆದಾಡಿತು. ಗುಬ್ಬಿಗಳೂ ಅಳಿಲುಗಳೂ ಸುತ್ತ ಸೇರಿದವು.

ಕೋಗಿಲೆ ಕೊಂಬೆಯಿಂದ ಕತ್ತು ಚಾಚಿ ಕಪ್ಪೆಯನ್ನು ಕೇಳಿತು: “ಅದು ನಿನ್ನ ದನಿಯೇ?”

“ನನ್ನದೇ. ನನ್ನಲ್ಲಿ ಇಷ್ಟಿತ್ತೆಂದು ನನಗೇ ಗೊತ್ತಿರಲಿಲ್ಲ,” ಎಂದಿತು ಕಪ್ಪೆ.

ಕೋಗಿಲೆ ಮೆಲ್ಲನೆ ಕಟ್ಟೆಗಿಳಿಯಿತು. ಒಂದೇ ಒಂದು ಸಲ “ಕುಹೂ” ಎಂದು, ಪೆಟ್ಟಿಗೆ ಏನು ಮಾಡೀತೆಂದು ಕಿವಿಗೊಟ್ಟು ಕಾದಿತು.