ದೊಡ್ಡಬುದ್ಧಿ ಸದ್ದು ಮಟ್ಟ ಮಾಡಿದ್ದು

ಹೂಂಗುಟ್ಟೋರಿದ್ರೆ ಹೇಳ್ತೀನಿ, ತೂಕಡಿಸೋರು ಈಗ್ಲೇ ಎದ್ದು ಮನೆಗೆ ಹೋಗಿ. ಅರ್ಧದಲ್ಲಿ ಎದ್ದೋದ್ರೆ ನಂಗೆ ಕೋಪ ಬರ್ತದೆ.

ಕಾಡಂಚಿನ ಒಂದೂರಲ್ಲಿ ಚಿಕ್ಕತಾಯವ್ವ ಅಂತ ಒಬ್ಬಳು ಇದ್ಲು. ಗಂಡ ಇಲ್ಲ, ಇರೋನು ಒಬ್ಬನೇ ಮಗ. ಅವನ ಹೆಸರು ದೊಡ್ಡಬುದ್ಧಿ. ನಗಬ್ಯಾಡಿ, ಹೆಸರಿಡೋವಾಗ ಯಾರಿಗೆ ಗೊತ್ತಿರ್ತದೆ? ಹೇಳಿದ್ದನ್ನ ಹೇಳ್ದಂಗೇ ಮಾಡೋನು, ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಮ್ಮಿಯಿಲ್ಲ. "ಹಾಲು ಉಕ್ಕೋದ ನೋಡ್ಕೊಂಡಿರು" ಅಂದ್ರೆ ಒಲೆ ಮುಂದೆ ಕೂತು ಉಕ್ಕೋದನ್ನ ನೋಡ್ತಿದ್ದ. ಎಲ್ಲ ಬೂದಿ ಪಾಲಾದ್ಮೇಲೆ "ಉಕ್ತು ಕನವ್ವ, ಚೆನ್ನಾಗೇ ಉಕ್ತು" ಅಂತಿದ್ದ. ಚಿಕ್ಕತಾಯವ್ವ ಹಣೆ ಹಣೆ ಚಚ್ಕೊಳೋಳು. ಹೆತ್ತವಳಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅವಳಿಗೆ ಮುದ್ದೂ ಇತ್ತು, ಇದು ಹೆಗ್ಗಣ ಅನ್ನೋದೂ ಗೊತ್ತಿತ್ತು.

ಅವಳಿಗಿದ್ದದ್ದು ಒಂದೇ ಆಸೆ. ತಮ್ಮ ಸಿದ್ದಶೆಟ್ಟಿಯ ಮಗಳು ಸೌಭಾಗ್ಯನ್ನ ಸೊಸೆ ಮಾಡ್ಕೋಬೇಕು, ತಾನು ಕಣ್ಮುಚ್ಚಿದ್ಮೇಲೆ ಈ ಮಗನಿಗೊಂದು ದಿಕ್ಕಾಗ್ಬೇಕು. ಸಿದ್ದಶೆಟ್ಟಿ ಅಕ್ಕನ ಮಾತು ತೆಗೆದಾಕೋನಲ್ಲ. ಆದ್ರೂ ಹೆಣ್ಣು ಹೆತ್ತೋನು ನೋಡಿ, ಒಂದು ಮಾತು ಕಟ್ಟೇ ಕಟ್ಟಿದ.

"ಅಕ್ಕ, ಹುಡುಗ ಎಲ್ಲಾದ್ರೂ ಒಂದ್ಕಡೆ ಕೆಲಸಕ್ಕೆ ನಿಲ್ಲಲಿ. ರಾಗಿ ಬಿತ್ತಿದಾಗ ಸೇರಿದೋನು ರಾಗಿ ಕುಯ್ಯೋವರ್ಗೂ ನಿಂತ ಅಂದ್ರೆ, ವೀಳ್ಯ ತಕ್ಕೊಂಡು ಬಾ."

ಹಿಂಗಿರೋವಾಗ, ರಾಗಿ ಬಿತ್ತೋ ಹೊತ್ತಿಗೆ ಸರಿಯಾಗಿ, ಹೋಬಳಿಗೊಂದು ರೇಡಿಯೋ ಬಂತು. ಪಟ್ಟಣದ ದೊಡ್ಡ ರೇಡಿಯೋ ಅಲ್ಲ, ನಮ್ಮೋರೇ ಮಾತಾಡಿ ನಮ್ಮೋರೇ ಕೇಳೋ ಅಂಥದ್ದು. ರೇಷ್ಮೆ ಹುಳು ಸಾಕ್ತಿದ್ದ ಹಳೇ ಮನೆಗೆ ಸುಣ್ಣ ಬಳಿದು ಅಲ್ಲಿ ಇಟ್ಟಿದ್ರು. ನಡೆಸೋರು ಅಂಬುಜಾಕ್ಷಿ ಮೇಡಂ. ಚಿಕ್ಕತಾಯವ್ವ ಒಂದು ಮಂಕರಿ ಬದನೆಕಾಯಿ ಹೊತ್ಕೊಂಡು ಹೋಗಿ ಅವರ ಬಾಗಿಲಲ್ಲಿ ಕೂತ್ಲು. ಮಗನಿಗೆ ಕೆಲಸ ಅಂದ್ಮೇಲೇ ಎದ್ಲು.

ಮೇಡಂ ದೊಡ್ಡಬುದ್ಧಿನ ದನಿ ಏರಿಸಿ ಇಳಿಸೋ ಯಂತ್ರದ ಸಾಲುಗುಂಡಿಗಳ ಮುಂದೆ ಕೂರಿಸಿ ಹೇಳಿಕೊಟ್ರು. "ನೋಡಪ್ಪ, ಮೈಕಲ್ಲಿ ದನಿ ಏರಿದ್ರೆ ಈ ಮುಳ್ಳು ಏರುತ್ತೆ. ಗುಂಡಿ ತಿರುಗಿಸಿ ದನಿ ಎತ್ತಬಹುದು, ಇಳಿಸಬಹುದು. ಮುಳ್ಳು ಈ ಕೆಂಪು ಗೀಟು ಮಾತ್ರ ದಾಟಬಾರದು. ದಾಟಿದ್ರೆ ದನಿ ಒಡೆದು ಗರಗರ ಅನ್ನುತ್ತೆ."

"ಆಗ್ಲಿ ಮೇಡಂ, ದಾಟಲ್ಲ."

ಮಾರನೇ ದಿನ ದನದ ಡಾಕ್ಟ್ರು ಬಂದು ಕಾಲುಬಾಯಿ ಜ್ವರದ ಮೇಲೆ ಮಾತಾಡಿದ್ರು. ನಮ್ಮ ದೊಡ್ಡಬುದ್ಧಿ ಗುಂಡಿಗಳನ್ನೆಲ್ಲ ತಳಮಟ್ಟ ತಿರುಗಿಸಿ ಕೈಕಟ್ಟಿ ಕೂತ. ಮುಳ್ಳು ಮಲಗಿದ್ದು ಮಲಗಿದಂಗೇ ಇತ್ತು. ಡಾಕ್ಟ್ರು ಗಂಟಲು ಒಣಗಿಸ್ಕೊಂಡು, ಎರಡು ಸಲ ನೀರು ಕುಡ್ದು, ಕೈ ಮುಗಿದು ಹೋದ್ರು. ಹೋಬಳಿಲಿ ಒಬ್ಬರಿಗೂ ಒಂದಕ್ಷರ ಕೇಳಿರ್ಲಿಲ್ಲ.

"ಏನಯ್ಯ ಇದು?" ಅಂದ್ರು ಮೇಡಂ.

"ಕೆಂಪು ಗೀಟಿನ ಹತ್ರಕ್ಕೂ ಹೋಗ್ಲಿಲ್ಲ ಮೇಡಂ" ಅಂದ ಅವನು.

ಮನೆಗೆ ಬಂದು ಅವ್ವನಿಗೂ ಅದನ್ನೇ ಹೇಳ್ದ. ಚಿಕ್ಕತಾಯವ್ವ ಒನಕೆ ಕೆಳಗಿಟ್ಟು ತಲೆ ಮೇಲೆ ಕೈಹೊತ್ಕೊಂಡ್ಲು. "ನನ್ನ ಕರ್ಮವೇ. ಜನಕ್ಕೆ ಕೇಳ್ದೇ ಇದ್ರೆ ಅದ್ಯಾತರ ರೇಡಿಯೋ ಕನ್ಲಾ? ದನಿ ಸಣ್ಣಗದೆ ಅಂದ್ರೆ ಎತ್ತಬೇಕು. ಸಣ್ಣ ದನಿ ಬಂತಾ, ಎತ್ತು."

"ಎತ್ತೀನಿ ಕನವ್ವ."

ದಿನಾ ಮಧ್ಯಾಹ್ನ ಬಾಣಂತಿಯರಿಗೋಸ್ಕರ ಸೂಲಗಿತ್ತಿ ಪುಟ್ಟಮಾದಮ್ಮ ಬಂದು ಜೋಗುಳ ಹಾಡ್ತಿದ್ಲು. ಪಾಪ, ಮುದುಕಿ ದನಿ, ಜೇನು ತೊಟ್ಟಿಕ್ಕಿದಂಗೆ ಸಣ್ಣಗೆ ಬರೋದು. ದೊಡ್ಡಬುದ್ಧಿ ಕಿವಿಗೆ ಅದು ಬಿತ್ತು. ಸಣ್ಣ ದನಿ! ಎತ್ತಿದ. ಇನ್ನೂ ಸಣ್ಣಗದೆ ಅನ್ನಿಸ್ತು, ಇನ್ನೂ ಎತ್ತಿದ. ಜೋ ಜೋ ಅನ್ನೋದು ಹನ್ನೆರಡು ಹಳ್ಳೀಲಿ ಸಿಡಿಲು ಹೊಡೆದಂಗೆ ಹೊಡೀತು. ತೊಟ್ಟಿಲಲ್ಲಿ ಮಲಗಿದ್ದ ಕೂಸುಗಳೆಲ್ಲ ಬೆಚ್ಚಿಬಿದ್ದು ಎದ್ವು. ಒಂದು ಅತ್ತಿದ್ದಕ್ಕೆ ಪಕ್ಕದ ಮನೇದು ಅಳ್ತು, ಅದು ಅತ್ತಿದ್ದಕ್ಕೆ ಆಚೆ ಬೀದೀದು ಅಳ್ತು. ಸ್ವಲ್ಪ ಹೊತ್ತಿಗೆಲ್ಲ ಬಾಣಂತಿಯರು ಕೂಸು ಸೊಂಟದ ಮೇಲೆ ಹಾಕ್ಕೊಂಡು ರೇಡಿಯೋ ಮನೆ ಅಂಗಳಕ್ಕೆ ಬಂದು ನಿಂತ್ರು. ಅವರು ಬೈದಿದ್ದು ಮೇಡಂಗೆ ಕೇಳ್ಲಿಲ್ಲ, ಮೇಡಂ ಸಮಾಧಾನ ಹೇಳಿದ್ದು ಅವರಿಗೆ ಕೇಳ್ಲಿಲ್ಲ, ಅಷ್ಟು ಗಲಾಟೆ.

ಚಿಕ್ಕತಾಯವ್ವ ಮತ್ತೊಂದು ಮಂಕರಿ ಬದನೆಕಾಯಿ ಹೊತ್ಲು. ಮೇಡಂ ಕಾಲಿಗೆ ಬೀಳೋದೊಂದು ಬಾಕಿ. ಮನೆಗೆ ಬಂದು ಮಗನ ಕಿವಿ ಹಿಂಡಿದ್ಲು. "ಮಲಗಿರೋರ ಮುಂದೆ ಯಾರಾದ್ರೂ ಕಿರುಚ್ತಾರೇನ್ಲಾ? ಜನ ಮಲಗವ್ರೆ ಅಂದ್ರೆ ದನಿ ಇಳಿಸ್ಬೇಕು."

"ಇಳಿಸ್ತೀನಿ ಕನವ್ವ."

ಆಮೇಲೊಂದಿನ ಕೋಳಿ ಕೂಗೋ ಹೊತ್ತಿಗೆ ಕಾಡಿನ ಗಾರ್ಡುಗಳು ಮೇಡಂಗೆ ಫೋನು ಮಾಡಿದ್ರು. ಆನೆ ಹಿಂಡು ಕೆರೆ ದಾಟಿ ತೋಟದ ಕಡೆ ಬರ್ತಾ ಅದೆ, ಊರೋರನ್ನ ಎಬ್ಬಿಸಿ ಅಂತ. ನಮ್ಮ ಕಡೆ ಆನೆ ಸುದ್ದಿ ಅಂದ್ರೆ ಆಟ ಅಲ್ಲ, ಅದಕ್ಕೇ ಜನ ರಾತ್ರಿಯೆಲ್ಲ ರೇಡಿಯೋ ಹಾಕ್ಕೊಂಡೇ ಮಲಗ್ತಿದ್ರು. ಮೇಡಂ ದೊಡ್ಡಬುದ್ಧಿನೂ ಎಬ್ಬಿಸ್ಕೊಂಡು ಓಡ್ಬಂದು ಮೈಕ್ ಮುಂದೆ ಕೂತು, "ಆನೆ ಬಂದಿದೆ, ಏಳಿ, ಏಳಿ" ಅಂತ ಕೂಗಿದ್ರು. ದೊಡ್ಡಬುದ್ಧಿ ಕಿಟಕೀಲಿ ಬಗ್ಗಿ ನೋಡ್ದ. ಜಗುಲಿ ಮೇಲೆಲ್ಲ ಜನ ಕಂಬಳಿ ಹೊದ್ದು ಮಲಗವ್ರೆ. ಅಯ್ಯೋ ಪಾಪ ಅಂದ್ಕೊಂಡು ಮೆಲ್ಲಗೆ ಗುಂಡಿ ಇಳಿಸ್ದ. ಮೇಡಂ ಕತ್ತಿನ ನರ ಉಬ್ಬಿಸ್ಕೊಂಡು ಕೂಗ್ತಾನೇ ಇದ್ರು, ಊರು ಗೊರಕೆ ಹೊಡೀತಾನೇ ಇತ್ತು. ಆನೆಗಳು ನಿಧಾನಕ್ಕೆ ಬಂದು ಒಂದು ಬಾಳೆತೋಟ ಪೂರ್ತಿ ಮೆದ್ದು, ನಿಧಾನಕ್ಕೇ ವಾಪಸ್ ಹೋದ್ವು. ಯಾರ ತೋಟ ಅಂತೀರಿ? ಹೆಣ್ಣು ಕೊಡೋ ಮಾವ ಸಿದ್ದಶೆಟ್ಟೀದು!

ಸಿದ್ದಶೆಟ್ಟಿ ಕಣ್ಣು ಕೆಂಡ ಮಾಡ್ಕೊಂಡು ಬಂದ. "ಅಕ್ಕ, ಆನೆ ಬಂದ್ರೆ ನಿನ್ನ ಮಗನ ರೇಡಿಯೋ ಯಾಕೆ ಕೂಗ್ಲಿಲ್ಲ?"

"ಕರೆಂಟು ಹೋಗಿತ್ತಂತೆ ಕನಪ್ಪ" ಅಂದ್ಬುಟ್ಲು ಚಿಕ್ಕತಾಯವ್ವ.

"ಇಲ್ಲ ಕನವ್ವ, ಇತ್ತು" ಅಂದ ಮಗ. ಅವಳು ಅವನ ಬಾಯಿಗೊಂದು ಮುದ್ದೆ ತುರುಕಿದ್ಲು. ತಮ್ಮ ಗೊಣಗ್ಕೊಂಡು ಹೋದ. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ, ಹಂಗೆ ಅವಳು ಆಮೇಲೆ ಬುದ್ಧಿ ಹೇಳೋಕೆ ಕೂತ್ಲು. "ಹೆಣ್ಣು ಕೈ ತಪ್ಪೋದ್ರಲ್ಲಿತ್ತಲ್ಲೋ. ಮುಖ್ಯವಾದ ಮಾತು ಅಂದ್ರೆ ಎಲ್ಲಕ್ಕಿಂತ ಮೇಲೆ ಕೇಳ್ಬೇಕು. ಯಾವುದು ಮುಖ್ಯವೋ ಅದನ್ನ ಮೇಲೆತ್ತು."

"ಮೇಲೆತ್ತೀನಿ ಕನವ್ವ."

ಆ ವಾರದಲ್ಲೇ ಇಬ್ಬರು ಅಂಗಡಿಯೋರು ಜಾಹೀರಾತು ಕೊಡೋಕೆ ಬಂದ್ರು. ಒಬ್ಬ ಬೂಸಾ ಹಿಂಡಿ ಮಾರೋ ಮರಿಸ್ವಾಮಿ, ಇನ್ನೊಬ್ಬ ಸೀರೆ ಮಾರೋ ಲೋಕನಾಥ. ಇಬ್ಬರಿಗೂ ಒಂದೇ ಹೊತ್ತು ಬೇಕು, ಇಬ್ಬರನ್ನೂ ಎರಡು ಮೈಕಿನ ಮುಂದೆ ಕೂರಿಸಿದ್ರು, ಒಬ್ಬರಾದ್ಮೇಲೆ ಒಬ್ಬರು ಮಾತಾಡ್ಲಿ ಅಂತ. ದೊಡ್ಡಬುದ್ಧಿ ಮರಿಸ್ವಾಮಿನ ಕೇಳ್ದ, "ಅಣ್ಣ, ನಿಂದು ಮುಖ್ಯವಾ?"

"ಮುಖ್ಯವಲ್ದೆ? ದನ ಉಪವಾಸ ಇರ್ತದಾ?"

ಎತ್ತಿದ. ಲೋಕನಾಥನ್ನೂ ಕೇಳ್ದ, "ಅಣ್ಣ, ನಿಂದು?"

"ಮಾನಕ್ಕಿಂತ ಮುಖ್ಯ ಯಾವುದಯ್ಯ?"

ಅವನನ್ನ ಅದಕ್ಕಿಂತ ಮೇಲಕ್ಕೆ ಎತ್ತಿದ. ಮರಿಸ್ವಾಮಿ ಇದನ್ನ ಕಂಡು ಮೈಕು ಹಿಡ್ಕೊಂಡು ಅರಚಿದ. ಲೋಕನಾಥ ಬುಟ್ಟಾನಾ, ಅವನೂ ಅರಚಿದ. ದೊಡ್ಡಬುದ್ಧಿ ಇವನದ್ದು ಎತ್ತಿದ, ಅವನದ್ದು ಎತ್ತಿದ, ಇವನದ್ದು ಇನ್ನೊಂಚೂರು ಎತ್ತಿದ. ಮುಳ್ಳು ಕೆಂಪು ಗೀಟು ದಾಟಿ ಗೋಡೆಗೆ ಹೊಡೆದ ಮೊಳೆ ಥರ ನಿಂತ್ಕೊಂಡ್ತು. ಕೇಳೋರ ಮನೇಲಿ ಗರ್ರ್ ಬೂಸಾ, ಗರ್ರ್ ಸೀರೆ, ಗರ್ರ್ ಅಂದದ್ದು ಬುಟ್ರೆ ಬೇರೇನಿಲ್ಲ. ಮಾರನೇ ದಿನ ಲೋಕನಾಥನ ಅಂಗಡಿಗೆ ನಾಕು ಜನ ಹೆಂಗಸರು ಬಂದು, "ಅದೇನೋ ಬೂಸಾ ಸೀರೆ ಬಂದದಂತಲ್ಲ, ತೋರ್ಸಣ್ಣ" ಅಂದ್ರು.

"ಕೆಂಪು ಗೀಟು ದಾಟಬಾರದು ಅಂತ ಹೇಳಿರಲಿಲ್ವೇನಯ್ಯ?" ಮೇಡಂ ಕೇಳಿದ್ರು.

"ಅದು ಹಳೇ ಮಾತು ಮೇಡಂ. ಆಮೇಲೆ ಅವ್ವ ಬೇರೆ ಬೇರೆ ಹೇಳವ್ಳೆ."

ಮೇಡಂ ಅವತ್ತು ಅವನನ್ನ ಕಳಿಸೇ ಬುಡ್ತಿದ್ರು. ಚಿಕ್ಕತಾಯವ್ವ ಬಾಗಿಲಿಗೆ ಅಡ್ಡ ಕೂತು, ರಾಗಿ ಇನ್ನೂ ಹಾಲುಗಾಳಲ್ಲಿದೆ, ಕುಯ್ಯೋವರ್ಗಾದ್ರೂ ಇಟ್ಕೊಳಿ ತಾಯಿ ಅಂತ ಅತ್ಲು. ಮೇಡಂಗೆ ಕರುಳು ಕರಗ್ತು. ತಾಯಿ ಮಗ ಇಬ್ಬರನ್ನೂ ಕೂರಿಸ್ಕೊಂಡು ಬಿಡಿಸಿ ಹೇಳಿದ್ರು. "ಎಲ್ಲರೂ ಜೋರಾದ್ರೆ ಯಾರೂ ಜೋರಲ್ಲ. ಅಬ್ಬರಿಸೋ ದನೀನ ಅದುಮು, ಅಡಗಿರೋ ದನೀನ ಎತ್ತು. ಎಲ್ಲ ಒಂದೇ ಎತ್ತರಕ್ಕೆ ಬಂದ್ರೆ ಕೇಳೋರಿಗೆ ಹಿತ."

"ತಿಳೀತೇನ್ಲಾ? ಗದ್ದೆ ಮಟ್ಟ ಮಾಡ್ದಂಗೆ" ಅಂದ್ಲು ಚಿಕ್ಕತಾಯವ್ವ. "ಉಬ್ಬು ಕಂಡ್ರೆ ತಗ್ಗಿಸು, ತಗ್ಗು ಕಂಡ್ರೆ ಉಬ್ಬಿಸು. ಯಾರದ್ದೇ ದನಿ ಆಗ್ಲಿ, ಮೊಕ ನೋಡ್ಬ್ಯಾಡ."

"ನೋಡಲ್ಲ ಕನವ್ವ."

ದೇವರು ದೊಡ್ಡೋನು, ಈ ಬುದ್ಧಿ ಕಚ್ಕೊಂಡ್ತು. ಅಬ್ಬರಿಸೋನು ಬಂದ್ರೆ ಅದುಮಿದ, ಪಿಸುಗುಟ್ಟೋಳು ಬಂದ್ರೆ ಎತ್ತಿದ. ರೇಡಿಯೋ ಎಷ್ಟು ಹಿತವಾಗಿ ಕೇಳ್ತದೆ ಅಂತ ಸಂತೇಲೆಲ್ಲ ಮಾತಾಯ್ತು. ರಾಗಿ ತೆನೆ ಬಾಗ್ತು, ಕುಯ್ಲಾಯ್ತು, ದೊಡ್ಡಬುದ್ಧಿ ಇನ್ನೂ ಕೆಲಸದಲ್ಲಿದ್ದ. ಸಿದ್ದಶೆಟ್ಟಿ ತಾನೇ ಬಂದು "ವೀಳ್ಯ ಇಟ್ಕೊಳ್ಳಾಣ ಅಕ್ಕ" ಅಂದ. ಚಿಕ್ಕತಾಯವ್ವ ಅವತ್ತು ಹೊಟ್ಟೆ ತುಂಬ ಉಂಡ್ಲು.

ಅಷ್ಟಕ್ಕೇ ನಿಂತಿದ್ರೆ ಆಗ್ತಿತ್ತು. ಸಿದ್ದಶೆಟ್ಟಿಗೆ ಜಂಬ. "ನಮ್ಮ ಅಳಿಯ ರೇಡಿಯೋದೋನು, ವೀಳ್ಯದ ಸೋಬಾನೆ ರೇಡಿಯೋದಲ್ಲೇ ಬರ್ಲಿ" ಅಂದ. ಮೇಡಂಗೂ ಸೋಬಾನೆ ಬೇಕಿತ್ತು, ಒಪ್ಕೊಂಡ್ರು. ಚಪ್ಪರಕ್ಕೆ ಎರಡು ಮೈಕು ಬಂದ್ವು, ಸೋಬಾನೆಯೋರಿಗೊಂದು, ಹೆಣ್ಣು ಕೂರೋ ಜಾಗಕ್ಕೊಂದು. ನೆರೆದೋರಿಗೂ ಕೇಳ್ಲಿ ಅಂತ ನುಗ್ಗೆಮರಕ್ಕೆ ಒಂದು ಮೈಕಿನ ಕೊಂಬೂ ಕಟ್ಟಿದ್ರು. ಗುಂಡಿ ತಿರುಗಿಸೋರು ಬೇರೆ ಯಾರವ್ರೆ? ಗಂಡೇ ಕೂತ. ತಲೆಗೆ ಪೇಟ, ಪೇಟದ ಮೇಲೆ ಹೆಡ್‌ಫೋನು.

ಹಿರೀರು ಹೆಣ್ಣನ್ನ ಕರೆದು ಕೂರಿಸಿದ್ರು. "ಒಪ್ಪಿಗೆ ಏನವ್ವ?" ಅಂತ ಕೇಳಿದ್ರು. ಸೌಭಾಗ್ಯ ತಲೆ ತಗ್ಗಿಸಿದ್ಲು. ನಮ್ಮಲ್ಲಿ ತಲೆ ತಗ್ಗಿಸಿದ್ರೆ ಒಪ್ಪಿಗೆ ಅಂತಲೇ ಲೆಕ್ಕ, ಬಾಯಿ ಬಿಟ್ಟು ಯಾವ ಹೆಣ್ಣು ಹೇಳ್ತದೆ? "ಒಪ್ಪಿಗೆ ಆಯ್ತು" ಅಂದ್ರು ಹಿರೀರು. ಹೆಂಗಸರು ಗಂಟಲು ಬಿಚ್ಚಿ ಸೋಬಾನೆ ಶುರು ಹಚ್ಚಿದ್ರು. ಆ ಸದ್ದಿನ ನಡುವೆ ಸೌಭಾಗ್ಯ ಪಕ್ಕದಲ್ಲಿ ಕೂತಿದ್ದ ಗೆಳತಿ ಕಿವೀಲಿ ಏನೋ ಅಂದ್ಲು.

ಯಾರಿಗೂ ಕೇಳ್ಲಿಲ್ಲ. ದೊಡ್ಡಬುದ್ಧಿಗೆ ಕೇಳ್ತು. ಅಬ್ಬರದ ಕೆಳಗೊಂದು ಅಡಗಿದ ದನಿ!

ಸೋಬಾನೆಯೋರನ್ನ ಅದುಮಿದ. ಅಡಗಿದ್ದನ್ನ ಎತ್ತಿದ. ಹೆಂಗಸರ ಬಾಯಿ ಆಡ್ತಾನೇ ಇದ್ವು, ನುಗ್ಗೆಮರದ ಕೊಂಬಿಂದ ಚಪ್ಪರಕ್ಕೆ, ರೇಡಿಯೋದಿಂದ ಹೋಬಳಿಗೆಲ್ಲ ಬಂದದ್ದು ಮಾತ್ರ ಇಷ್ಟು:

"ನಂಗೆ ಈ ಬಾವ ಬ್ಯಾಡ ಕಣೆ. ಯಾರೂ ನನ್ನ ನಿಜವಾಗಿ ಕೇಳ್ಲೇ ಇಲ್ಲ."

ಹೆಂಗಸರು ಹಾಡು ಬಿಟ್ಟು ನುಗ್ಗೆಮರದ ಕಡೆ ತಿರುಗಿದ್ರು. ಸಿದ್ದಶೆಟ್ಟಿ ಎದ್ದು ಸೋಬಾನೆಯೋರ ಮೈಕು ಕಿತ್ಕೊಂಡು ಗುಡುಗಿದ. ಅಬ್ಬರ ಅಂದ್ಮೇಲೆ ದೊಡ್ಡಬುದ್ಧಿ ಬುಟ್ಟಾನಾ? ಅದುಮಿದ. ಮಾವನ ಗುಡುಗು ಕೊಂಬಿಂದ ಸೊಳ್ಳೆ ಗುಂಯ್ ಅಂದಂಗೆ ಬಂತು. ಚಿಕ್ಕತಾಯವ್ವ ಸೆರಗು ಸಿಕ್ಕಿಸ್ಕೊಂಡು ಓಡ್ಬಂದ್ಲು. "ಇಳಿಸ್ಲಾ, ಅವಳ ದನಿ ಇಳಿಸ್ಲಾ ಮಗನೇ."

"ಇರವ್ವ, ಈಗ ತಾನೆ ಮಟ್ಟಕ್ಕೆ ಬಂದದೆ" ಅಂದ ಅವನು. ಹೆಣ್ಣಿನ ಕಡೆ ತಿರುಗಿ, "ಅಮ್ಮೀ ಸೌಭಾಗ್ಯ, ಬಾವ ಬ್ಯಾಡ ಅಂದದ್ದು ಚೆನ್ನಾಗಿ ಬಂತು. ಯಾವ ಬಾವ ಅನ್ನೋದು ಸರಿಯಾಗಿ ಬರ್ಲಿಲ್ಲ. ಇನ್ನೊಂದ್ಸಲ ಹೇಳ್ಬುಡು."

ಸೌಭಾಗ್ಯ ತಲೆ ಎತ್ತಿದ್ಲು. ಅಪ್ಪನ್ನ ನೋಡಿದ್ಲು, ಹಿರೀರನ್ನ ನೋಡಿದ್ಲು, ಪೇಟ ಕಟ್ಟಿದ ಇವನನ್ನ ನೋಡಿದ್ಲು. ಮೈಕು ಹತ್ರಕ್ಕೆ ಎಳ್ಕೊಂಡು "ನೀನೇ" ಅಂದ್ಲು.

"ಹಾಂ, ಈಗ ಸರಿಯಾಗಿ ಬಂತು" ಅಂದ ದೊಡ್ಡಬುದ್ಧಿ.

ಆಮೇಲಿನ್ನೇನು, ಹಿರೀರು ಟವಲು ಕೊಡವ್ಕೊಂಡು ಎದ್ರು. ಚಿಕ್ಕತಾಯವ್ವ ಅಲ್ಲೇ ನೆಲಕ್ಕೆ ಕೂತ್ಲು. ಬೈಯೋಣ ಅಂತ ಬಾಯಿ ತೆಗೆದ್ಲು. ಅಷ್ಟರಲ್ಲಿ ಆ ಹುಡುಗಿ ಮೊಕ ಕಣ್ಣಿಗೆ ಬಿತ್ತು. ಬೆಳಗಿಂದ ಕಲ್ಲಿನಂಗೆ ಕೂತಿದ್ದೋಳು, ಈಗ ತಾನೆ ಉಸಿರು ಬಿಟ್ಟಿದ್ಲು. ಚಿಕ್ಕತಾಯವ್ವನಿಗೆ ಬೈಗುಳ ಬರ್ಲಿಲ್ಲ, ಅಳುವೇ ಬಂತು.

ದೊಡ್ಡಬುದ್ಧಿಗೆ ಆಶ್ಚರ್ಯ. ಹೆಡ್‌ಫೋನು ತೆಗೆದು ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಯಾಕವ್ವ, ಈ ಸಲ ಬೈಲಿಲ್ಲ. ಸರಿಯಾಗಿ ಮಾಡ್ದ್ನಾ?"

"ಸರಿಯಾಗೇ ಮಾಡ್ದೆ ಕನ್ಲಾ ಮಗನೇ. ಅದ್ಕೇ ಹೆಣ್ಣು ಕೈ ಬುಟ್ಟೋಯ್ತು."

"ಅಯ್ಯೋ ಪಾಪ" ಅಂದ ದೊಡ್ಡಬುದ್ಧಿ. "ಯಾರಿಗವ್ವ?"

ಮೈಕು ಇನ್ನೂ ಆರಿಸಿರ್ಲಿಲ್ಲ. ಅದೂ ಹೋಬಳಿಗೆಲ್ಲ ಕೇಳ್ತು.